ಬಂದರಿನಲ್ಲಿ ನಿಂತ ಅನ್ನ

ವರ್ಷವೆಲ್ಲ ಕಾದರೂ 100 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಮಳೆ ನಿಂತುಹೋಗುವ, ಬೇಸಗೆಯಲ್ಲಿಯೂ ಬತ್ತದ ನದಿಯೊಂದೂ ಇಲ್ಲದ, ತಾನು ಉಣ್ಣುವ ಅನ್ನದಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ಹೊರನಾಡುಗಳಿಂದ ತರಿಸಿಕೊಳ್ಳುವ ಸಂಯುಕ್ತ ಅರಬ್ ಸಂಸ್ಥಾನಗಳೆಂಬ ದೇಶಕ್ಕೆ ಹೊಲವೂ ಕಣವೂ ಕಣಜವೂ ಬಂದರೇ ಆಗಿರುವುದು ಸಹಜವಷ್ಟೆ. ದುಬೈ ಕ್ರೀಕಿನ ದಕ್ಕೆಯಲ್ಲಿ ಹಾಯಿಹಡಗುಗಳು ಅಕ್ಕಿಯ ಮೂಟೆಗಳನ್ನು ಇಳಿಸುತ್ತಿದ್ದ ಕಾಲದಲ್ಲಿ, ಎಂದರೆ ಆ ಊರಿನ ಪೇಟೆಯಲ್ಲಿ ಭಾರತದ ರಿಸರ್ವ್ ಬ್ಯಾಂಕಿನ ರೂಪಾಯಿಯೇ ಚಲಾವಣೆಯಲ್ಲಿದ್ದ 1966ಕ್ಕೆ ಹಿಂದಿನ ದಿನಗಳಲ್ಲಿ, ಧಾನ್ಯದ ಪರೀಕ್ಷೆಯೆಂಬುದು ವರ್ತಕನು ಮೂಟೆಯಿಂದ ಒಂದು ಹಿಡಿ ತೆಗೆದು, ಮೂಸಿ, ಹಲ್ಲಿನಲ್ಲಿ ಕಚ್ಚಿ ನೋಡುವುದಕ್ಕಿಂತ ಹೆಚ್ಚಿನದಾಗಿದ್ದಿರಲಾರದು. 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದು, ಐದು ಖಂಡಗಳ ಮಾಂಸ, ಹಾಲು, ಹಣ್ಣು, ಸಂಬಾರಗಳು ಕಬ್ಬಿಣದ ಪೆಟ್ಟಿಗೆಗಳಲ್ಲಿ ಮುಚ್ಚಿಕೊಂಡು ಬರತೊಡಗಿದ ಮೇಲೆ, ಮೂಗು ನಾಲಗೆಗಳ ಈ ಪ್ರಾಚೀನ ವಿದ್ಯೆ ಸಾಲದೆ ಹೋಯಿತು.

ಇಂದು ಆ ಹೊಣೆಯನ್ನು ದುಬೈಯಲ್ಲಿ ಹೊತ್ತಿರುವುದು ನಗರಸಭೆಯ ಆಹಾರಸುರಕ್ಷತಾ ವಿಭಾಗ ಮತ್ತು ಅದೇ ನಗರಸಭೆಯ ಕೇಂದ್ರ ಪ್ರಯೋಗಶಾಲೆ. ಅಬುಧಾಬಿಯಲ್ಲಿ 2005ರಲ್ಲಿ ಆಹಾರ ನಿಯಂತ್ರಣ ಪ್ರಾಧಿಕಾರವಾಗಿ ಹುಟ್ಟಿ, 2019ರಲ್ಲಿ ಕೃಷಿ ಮತ್ತು ಆಹಾರಸುರಕ್ಷತಾ ಪ್ರಾಧಿಕಾರವೆಂಬ ಹೆಸರನ್ನು ತಳೆದ ಸಂಸ್ಥೆ. ಎಲ್ಲ ಸಂಸ್ಥಾನಗಳಿಗೂ ಅನ್ವಯಿಸುವ ಶಾಸನ 2015ರದು. ಕಲಬೆರಕೆಯ ಆಹಾರವನ್ನು ವ್ಯವಹರಿಸಿದವನಿಗೆ ಸೆರೆಮನೆಯನ್ನೂ 20 ಲಕ್ಷ ದಿರ್ಹಮ್‌ವರೆಗಿನ ದಂಡವನ್ನೂ ಅದು ವಿಧಿಸಬಲ್ಲುದು.

ಸರಕು ದಡ ಸೇರುವ ಮುನ್ನವೇ ಅರ್ಧ ಪರೀಕ್ಷೆ ಕಾಗದದ ಮೇಲೆ ಮುಗಿದಿರುತ್ತದೆ. ಪದಾರ್ಥದ ಹೆಸರನ್ನೂ ಪೊಟ್ಟಣದ ಮೇಲಿನ ಚೀಟಿಯ ಒಕ್ಕಣೆಯನ್ನೂ ಆಮದುದಾರನು ಮೊದಲೇ ನೋಂದಾಯಿಸಿರಬೇಕು. ಚೀಟಿಯಲ್ಲಿ ಅರಬ್ಬಿ ಬರೆಹವಿರಬೇಕು. ಸರಕು ಹುಟ್ಟಿದ ದೇಶದ ಆರೋಗ್ಯಪತ್ರವೂ, ಮಾಂಸವಾದರೆ ಹಲಾಲ್ ಪ್ರಮಾಣಪತ್ರವೂ ಜೊತೆಗಿರಬೇಕು. ಬಳಿಕ ಪರಿವೀಕ್ಷಕನು ಪೆಟ್ಟಿಗೆಯ ಬಾಗಿಲು ತೆರೆಸಿ, ಹೆಪ್ಪುಗಟ್ಟಿಸಿದ ಸರಕು ಶೂನ್ಯಕ್ಕಿಂತ 18 ಡಿಗ್ರಿ ಕೆಳಗೇ ಇದೆಯೇ, ದಾರಿಯಲ್ಲೆಲ್ಲಾದರೂ ಕರಗಿ ಮರಳಿ ಗಟ್ಟಿಯಾದ ಗುರುತುಂಟೆ ಎಂದು ನೋಡುತ್ತಾನೆ. ಬಂದುದೆಲ್ಲವನ್ನೂ ಪ್ರಯೋಗಶಾಲೆಗೆ ಒಯ್ಯುವುದು ಯಾವ ರಾಜ್ಯದಿಂದಲೂ ಆಗತಕ್ಕ ಮಾತಲ್ಲ. ಪದಾರ್ಥದ ಸ್ವಭಾವ, ಬಂದ ದೇಶ, ಕಳುಹಿಸಿದವನ ಪೂರ್ವಚರಿತ್ರೆ, ಇವುಗಳನ್ನು ತೂಗಿ, ಕೆಲವನ್ನು ಬಿಟ್ಟು ಕೆಲವನ್ನು ತಡೆಯುತ್ತಾರೆ.

ಈ ಶಾಸ್ತ್ರದ ನಿಜವಾದ ಕಷ್ಟವಿರುವುದು, ನನ್ನ ಮಟ್ಟಿಗೆ, ಲಕ್ಷಾಂತರ ಬೆಲೆಯ ಯಂತ್ರಗಳಲ್ಲಿ ಅಲ್ಲ, ಅವುಗಳ ಬಾಯಿಗೆ ಹಾಕುವ ಆ ಒಂದು ಚಿಟಿಕೆಯನ್ನು ಆರಿಸುವುದರಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕ ಟರ್ಕಿಕೋಳಿಗಳು ಸತ್ತುಬಿದ್ದಾಗ ಪತ್ತೆಯಾದ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷವನ್ನೇ ತೆಗೆದುಕೊಳ್ಳೋಣ. ಅದು ಹಾಲಿಗೆ ಬೆರೆತ ನೀರಿನಂತೆ ಸರಕಿನ ತುಂಬ ಸಮನಾಗಿ ಹರಡಿಕೊಳ್ಳುವುದಿಲ್ಲ. ಸಾವಿರಾರು ಕಾಳುಗಳು ನಿರ್ಮಲವಾಗಿದ್ದು, ಮೂಲೆಯ ಒಂದೇ ಕಾಳಿನಲ್ಲಿ ಇಡಿಯ ಚೀಲವನ್ನು ಕೆಡಿಸುವಷ್ಟು ಮಡುಗಟ್ಟಿರುವುದುಂಟು. ಅಂತರರಾಷ್ಟ್ರೀಯ ಆಹಾರಸಂಹಿತೆಯಾದ ಕೋಡೆಕ್ಸ್, ಸುಲಿದು ತಿನ್ನಲು ಸಿದ್ಧವಾದ ಪಿಸ್ತಾ ಬಾದಾಮಿಗಳಲ್ಲಿ ಕಿಲೋಗ್ರಾಮಿಗೆ 10 ಮೈಕ್ರೋಗ್ರಾಮಿನವರೆಗೆ, ಎಂದರೆ 100 ಟನ್ನಿಗೆ ಒಂದು ಗ್ರಾಮಿನವರೆಗೆ, ಈ ವಿಷವನ್ನು ಸಹಿಸಿಕೊಳ್ಳುತ್ತದೆ. ಇಷ್ಟು ಸೂಕ್ಷ್ಮವಾದ ಮಿತಿಯನ್ನು ಮೇಲಿನ ಚೀಲದ ಒಂದು ಬೊಗಸೆಯಿಂದ ನಿರ್ಣಯಿಸಹೊರಡುವುದು ಜೂಜಾಟವೇ ಸರಿ. ಅದಕ್ಕಾಗಿಯೇ ಐರೋಪ್ಯ ಒಕ್ಕೂಟವು ದೊಡ್ಡ ರಾಶಿಯ ಕಡಲೆಕಾಯಿಯಾದರೆ ನೂರು ಕಡೆಗಳಿಂದ ತೆಗೆದು, 20 ಕಿಲೋ ಕೂಡಿಸಿ, ಆಮೇಲೆ ಅರೆದು ಪರೀಕ್ಷಿಸಬೇಕೆಂದು ವಿಧಿಸಿತು.

ಅರೆದ ಹಿಟ್ಟಿನಿಂದ ವಿಷವನ್ನು ಮೆಥನಾಲಿನಲ್ಲಿ ಕರಗಿಸಿ ತೆಗೆದು, ಅದನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಪ್ರತಿಕಾಯಗಳ ಸಣ್ಣ ನಳಿಗೆಯ ಮೂಲಕ ಸೋಸಿ, ಕ್ರೊಮಟೊಗ್ರಾಫ್ ಯಂತ್ರಕ್ಕೆ ಒಪ್ಪಿಸಿದರೆ, ಕೆಲವು ತಾಸುಗಳಲ್ಲಿ ಉತ್ತರ ದೊರೆಯುತ್ತದೆ. ಸಾಲ್ಮೊನೆಲ್ಲ ರೋಗಾಣುವಿನ ವಿಚಾರದಲ್ಲಿ ಇಂಥ ಆತುರ ನಡೆಯದು. 25 ಗ್ರಾಮ್ ಆಹಾರದಲ್ಲಿ ಒಂದೂ ಇರಕೂಡದೆಂಬ ನಿಯಮವಿರುವುದರಿಂದ, ಇದ್ದೀತೆಂಬ ಶಂಕೆಯಲ್ಲಿ ಅದಕ್ಕೆ ಪೋಷಕದ್ರವವನ್ನು ಉಣಿಸಿ, ಬೆಳೆಯಗೊಟ್ಟು, ಕೆಂಪುಬಣ್ಣದ ತಟ್ಟೆಯ ಮೇಲೆ ಕಪ್ಪು ನಡುವಿನ ಚುಕ್ಕೆಗಳು ಮೂಡುತ್ತವೆಯೋ ಎಂದು ದಿನಗಟ್ಟಲೆ ಕಾಯಬೇಕು. ಇತ್ತ ಮಾಂಸದಲ್ಲಿ ಹಂದಿಯ ಅಂಶವುಂಟೇ ಎಂಬುದನ್ನು ವಂಶವಾಹಿಯ ತುಣುಕನ್ನು ಕೋಟಿಗಟ್ಟಲೆಯಾಗಿ ನಕಲುಮಾಡಿ ಹುಡುಕುವ ವಿಧಾನ ಕಣ್ಣಿಗೂ ನಾಲಗೆಗೂ ಎಟುಕದ ಬೆರಕೆಯನ್ನು ಬಯಲಿಗೆಳೆಯುತ್ತದೆ.

ಇಷ್ಟಾದರೂ ಪ್ರಯೋಗಶಾಲೆಯು ತಾನು ಹುಡುಕಿದ್ದನ್ನು ಮಾತ್ರ ಕಾಣಬಲ್ಲುದು. ಚೀನದಲ್ಲಿ ಹಾಲಿಗೆ ಮೆಲಮೈನ್ ಬೆರಸಿ 2008ರಲ್ಲಿ ಬಯಲಿಗೆ ಬಿದ್ದವರು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದರು: ಹಾಲಿನ ಸತ್ವವನ್ನು ಅದರಲ್ಲಿರುವ ಸಾರಜನಕದಿಂದ ಅಳೆಯುವ ವಾಡಿಕೆಯಿದ್ದುದರಿಂದ, ಸಾರಜನಕ ಹೇರಳವಾಗಿದ್ದು ಸತ್ವ ಲೇಶವೂ ಇಲ್ಲದ ವಸ್ತುವೊಂದು ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು, ಸುಮಾರು ಮೂರು ಲಕ್ಷ ಮಕ್ಕಳು ರೋಗಕ್ಕೆ ತುತ್ತಾದರು. ಅಂದಿನಿಂದ ಪರೀಕ್ಷಕರ ಪಟ್ಟಿಗೆ ಮೆಲಮೈನ್ ಸೇರಿತು.

ದುಬೈಯಲ್ಲಿರುವ ಕನ್ನಡದ ಮನೆಗಳಿಗೆ ಈ ವ್ಯವಸ್ಥೆಯ ಅರಿವಾಗುವುದು ಬಹುಮಟ್ಟಿಗೆ ಅಡುಗೆಮನೆಯಲ್ಲಿ. ಕುಚ್ಚಲಕ್ಕಿ ಸಿಕ್ಕುತ್ತದೆ, ಬ್ಯಾಡಗಿ ಮೆಣಸಿನಕಾಯಿ ಸಿಕ್ಕುತ್ತದೆ. ಗಸಗಸೆ ಮಾತ್ರ ಸಿಕ್ಕುವುದಿಲ್ಲ. ಅಫೀಮಿನ ಗಿಡದ ಬೀಜವಾದುದರಿಂದ ಅದು ಅಲ್ಲಿ ಮಾದಕದ್ರವ್ಯದ ಕಾನೂನಿಗೆ ಒಳಪಟ್ಟದ್ದು; ಊರಿನಿಂದ ತಾಯಿ ಅಕ್ಕರೆಯಿಂದ ಕಟ್ಟಿಕೊಟ್ಟ ಪೊಟ್ಟಣವೂ ವಿಮಾನನಿಲ್ದಾಣದಲ್ಲಿ ಅಪರಾಧವಾಗುತ್ತದೆ. ವೀಳ್ಯದೆಲೆಗೂ ಪ್ರವೇಶವಿಲ್ಲ. ಹಬ್ಬದ ಪಾಯಸ ಶಾವಿಗೆಯದಾಗುತ್ತದೆ, ಊಟ ತಾಂಬೂಲವಿಲ್ಲದೆ ಮುಗಿಯುತ್ತದೆ.

ಕೆಲವೊಮ್ಮೆ ತಡೆ ಇಡೀ ದೇಶದ ಬೆಳೆಯ ಮೇಲೆಯೇ ಬೀಳುತ್ತದೆ. 2017ರ ಮೇ 15ರಿಂದ ಅರಬ್ ಸಂಸ್ಥಾನಗಳ ಪರಿಸರ ಸಚಿವಾಲಯವು ಕೀಟನಾಶಕದ ಉಳಿಕೆ ಮಿತಿಮೀರಿದುದಕ್ಕಾಗಿ ಈಜಿಪ್ಟಿನ ಮೆಣಸಿನಕಾಯಿ, ಲೆಬನಾನಿನ ಸೇಬು, ಜೋರ್ಡಾನ್ ಮತ್ತು ಒಮಾನಿನ ಹಲವು ತರಕಾರಿಗಳು, ಯೆಮನಿನ ಹಣ್ಣುಗಳೆಲ್ಲ, ಇವುಗಳನ್ನು ತಡೆಯಿತು. ನಿರಾಕೃತವಾದ ಸರಕಿಗೆ ಸಾಮಾನ್ಯವಾಗಿ ಎರಡೇ ಗತಿ, ಮರಳಿ ಹೋಗುವುದು ಅಥವಾ ನಾಶವಾಗುವುದು. ಹೆಚ್ಚೆಂದರೆ ಚೀಟಿಯ ದೋಷವನ್ನು ತಿದ್ದಿಕೊಳ್ಳಬಹುದು. ಈ ನಷ್ಟದ ಭಯದಿಂದ ಪರೀಕ್ಷೆಯು ಮೆಲ್ಲಮೆಲ್ಲನೆ ಬಂದರಿನಿಂದ ಹಿಂದಕ್ಕೆ, ರಫ್ತುಗಾರನ ಉಗ್ರಾಣಕ್ಕೆ, ಅಲ್ಲಿಂದ ರೈತನ ಕಣಕ್ಕೆ ಸರಿದಿದೆ. 2003ರಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಸೂಡಾನ್ ಎಂಬ ಕೃತಕ ಕೆಂಪು ಫ್ರಾನ್ಸಿನಲ್ಲಿ ಪತ್ತೆಯಾದ ಮೇಲೆ, ಅದಿದೆಯೇ ಎಂಬುದನ್ನು ಭಾರತದ ಸಂಬಾರ ಮಂಡಳಿಯು ಈ ದಡದಲ್ಲಿಯೇ ನೋಡತೊಡಗಿತು. ಬಣ್ಣಕ್ಕಾಗಿಯೇ ಹೆಸರಾದ ಬ್ಯಾಡಗಿಯ ಕಾಯಿಗೆ ಬೆರಕೆಯ ಬಣ್ಣದ ಹಂಗಿಲ್ಲವೆಂಬ ಅಭಿಮಾನ ನಮಗಿರಬಹುದು, ಆದರೆ ಬೂಷ್ಟಿಗೆ ಅಭಿಮಾನದ ಗೊಡವೆಯಿಲ್ಲ. ಹಾವೇರಿ ಸೀಮೆಯ ಕಣದಲ್ಲಿ ನೆಲದ ಮೇಲೆ ಹರವಿದ ಕಾಯಿ ಅಕಾಲದ ಮಳೆಗೆ ನೆನೆದು, ಅರೆ ಒಣಗಿದ ಸ್ಥಿತಿಯಲ್ಲಿಯೇ ಚೀಲ ಸೇರಿದರೆ, ದುಬೈಯ ಯಂತ್ರವು ಮುಂದೆ ಕಾಣುವ ಅಂಕಿಯ ಬಹುಪಾಲು ಆ ವಾರದಲ್ಲಿಯೇ ನಿಶ್ಚಯವಾಗಿರುತ್ತದೆ. ಟಾರ್ಪಾಲಿನ ಹಾಸೊಂದು, ಇನ್ನೆರಡು ದಿನದ ಬಿಸಿಲೊಂದು ಅದನ್ನು ಬದಲಿಸಬಹುದಾಗಿತ್ತು.