ಮನೆಗೆ ಗಾಳಿಯ ಯಂತ್ರ

ಪೀಣ್ಯದ ಧೂಳಿಗಂಜಿ ಕಿಟಕಿಗಳನ್ನು ಮುಚ್ಚಿ, ಶಾಖವುಳಿಸುವ ವಾಯುಸಂಚಾರ ಯಂತ್ರವನ್ನು ಕೊಳ್ಳಬಯಸುವ ಟಿ. ದಾಸರಹಳ್ಳಿಯ ಗೃಹಸ್ಥರಿಗೆ ನಾವು ಎರಡು ಮಾತು ಹೇಳಬೇಕಾಗಿದೆ. ಇದರಲ್ಲಿ ಹೊರಹೋಗುವ ಗಾಳಿಯು ತೆಳುವಾದ ತಗಡುಗಳ ಮೂಲಕ, ಬೆರೆಯದೆಯೇ, ಒಳಬರುವ ಗಾಳಿಗೆ ತನ್ನ ಶಾಖವನ್ನು ಕೊಡುವುದು. ಹಿಮ ಬೀಳುವ ಸ್ವೀಡನ್ ದೇಶಕ್ಕೆ ಇದು ವರವೇ ಸರಿ. ಜನವರಿಯ ರಾತ್ರಿಯಲ್ಲಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ ಉಳಿಸತಕ್ಕ ಶಾಖವೆಷ್ಟು! ಧೂಳು ಸೋಸುವ ಫಿಲ್ಟರುಳ್ಳ ಫ್ಯಾನೊಂದು ಸಾಕು. ಅದರ ಬಾಯಿ ರಸ್ತೆಗೆ ವಿಮುಖವಾಗಿರಲಿ.

ಯಾವ ಯಂತ್ರಕ್ಕೂ ಮುಂಚೆ ಬಚ್ಚಲುಮನೆಯನ್ನು ನೋಡಬೇಕು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಗೀಸರು ಉರಿದರೆ, ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುವರು. ಬೆಂಗಳೂರಿನಲ್ಲಿಯೇ ಹೀಗೆ ಪ್ರಾಣಗಳು ಹೋಗಿವೆ. ಗೀಸರನ್ನು ಹೊರಗೋಡೆಗೆ ಸಾಗಿಸಿರಿ; ಚಳಿಗೆಂದು ಗವಾಕ್ಷಿಗೆ ತುರುಕಿದ ಹಳೆಯ ಬಟ್ಟೆಯನ್ನು ಈ ದಿನವೇ ತೆಗೆಯಿರಿ.