ನಿಮಗಿದು ಗೊತ್ತೆ? ಗೇರುತೋಟದ ವಿಷವೂ ಬಾಲಕರ ಬೆಳವಣಿಗೆಯೂ
ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್, ಅಂದರೆ ಹಾರ್ಮೋನುಗಳ ಸಹಜ ಕಾರ್ಯವನ್ನು ಕೆಡಿಸಬಲ್ಲ ಕೀಟನಾಶಕವು, ಅಲ್ಲಿನ ಬಾಲಕರು ಪ್ರಾಯಕ್ಕೆ ಬರುವುದನ್ನೇ ತಡಮಾಡಿರಬಹುದೆಂದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. 10ರಿಂದ 19 ವರ್ಷದೊಳಗಿನ 117 ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿದಾಗ, ಪುರುಷ ಲಕ್ಷಣಗಳನ್ನು ಮೂಡಿಸುವ ಟೆಸ್ಟೋಸ್ಟೆರಾನ್ ಹಾರ್ಮೋನು ಪಡ್ರೆಯವರಲ್ಲಿ ವಯಸ್ಸಿಗೆ ತಕ್ಕಷ್ಟು ಇರಲಿಲ್ಲವಾದರೂ, ಅದನ್ನು ಸ್ರವಿಸುವಂತೆ ವೃಷಣಗಳನ್ನು ಪ್ರಚೋದಿಸಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನು ಹೆಚ್ಚಾಗಿಯೇ ಇತ್ತು; ಆಜ್ಞೆ ತಲುಪಿದರೂ ವೃಷಣಗಳು ಸ್ಪಂದಿಸುತ್ತಿರಲಿಲ್ಲವೆಂಬ ಆತಂಕಕ್ಕೆ ಇದೇ ಕಾರಣ. ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದೆಂಬ ಮಾತನ್ನು ಸಂಶೋಧಕರೇ ಸೇರಿಸಿದ್ದರು. ಹತ್ತಿ ಬೆಳೆಗೂ ಬಳಕೆಯಾಗುತ್ತಿದ್ದ ಈ ವಿಷವನ್ನು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು ಎಂಟು ವರ್ಷ ತಡವಾಗಿ, 2011ರ ಮೇ 13ರಂದು.