ನಿಮಗಿದು ಗೊತ್ತೆ? ನಕಾಶೆಯಲ್ಲೇ ಅಳೆಯಬಹುದು ಏರುದಾರಿ!
ಹುನಗುಂದದಿಂದ ಐಹೊಳೆ, ಪಟ್ಟದಕಲ್ಲುಗಳ ಮಾರ್ಗವಾಗಿ ಬಾದಾಮಿಗೆ ಹೊರೆಹೊತ್ತ ಸೈಕಲ್ಲಿನಲ್ಲಿ ಯಾತ್ರೆಗೈಯಬಯಸುವ ಪಥಿಕನು, ಎರೆಯ ಬಯಲನ್ನು ದಾಟಿದೊಡನೆ ಇದಿರಾಗುವ ಮರಳುಗಲ್ಲಿನ ಗುಡ್ಡಗಳ ಏರನ್ನು ಮನೆಯಲ್ಲಿ ಕುಳಿತೇ ಅಳೆದುಕೊಳ್ಳಬಹುದು.

ನೂರು ಮೀಟರ್ ಮುಂದೆ ಸಾಗುವಷ್ಟರಲ್ಲಿ ದಾರಿಯು ಐದು ಮೀಟರ್ ಮೇಲೇರಿದರೆ ಅದು ಶೇಕಡಾ 5ರ ಏರು. ಸವಾರ, ಸೈಕಲ್ಲು, ಗಂಟುಮೂಟೆಗಳೆಲ್ಲ ಕೂಡಿ 100 ಕಿಲೋ ತೂಗುವುದಾದರೆ, ಅಲ್ಲಿ ಸುಮಾರು 5 ಕಿಲೋ ಭಾರದಷ್ಟು ಬಲವು ಅವನನ್ನು ಸತತವಾಗಿ ಹಿಂದಕ್ಕೆಳೆಯುವುದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕಾಶೆಯಲ್ಲಿ ಒಂದು ಸೆಂಟಿಮೀಟರೆಂದರೆ ನೆಲದ ಮೇಲೆ 500 ಮೀಟರ್; ಒಂದೇ ಎತ್ತರದ ತಾಣಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದರಂತೆ ಇರುವುದರಿಂದ, ಎರಡು ರೇಖೆಗಳ ನಡುವೆ ದಾರಿಯು ಒಂದು ಸೆಂಟಿಮೀಟರ್ ಸಾಗಿದ್ದರೆ ಏರು ಶೇಕಡಾ 4, ಅರ್ಧ ಸೆಂಟಿಮೀಟರಾದರೆ ಶೇಕಡಾ 8.

ಬಯಲುಸೀಮೆಯ ಹೆದ್ದಾರಿಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸಿರುವ ಸಾಮಾನ್ಯ ಮಿತಿ ಶೇಕಡಾ 3.3, ಎಂದರೆ ಮೂವತ್ತಕ್ಕೆ ಒಂದು. ಗುಡ್ಡ ಹತ್ತುವ ಹಳೆಯ ಹಳ್ಳಿದಾರಿಗಳು ಈ ಮಿತಿಗೆ ಒಳಪಟ್ಟೇ ಇರುವುವೆಂದು ಭಾವಿಸಲಾಗದು.

ಆದುದರಿಂದ ಇಡೀ ದಾರಿಯ ಸರಾಸರಿಯನ್ನು ನಂಬದೆ, ರೇಖೆಗಳು ಒತ್ತೊತ್ತಾಗಿ ನೆರೆದಿರುವೆಡೆಯನ್ನು ಮೊದಲು ಗುರುತಿಸಿಕೊಂಡು, ಅನಂತರವೇ ಹೊರೆಯನ್ನು ಬಿಗಿಯಿರಿ.